ಅಗ್ಗದ ಊಟದ ನೀಲಿ ಫಲಕ

ತೆರಿಗೆ ಕಟ್ಟೋಕೆ ನಾನು ಯಾವತ್ತೂ ಮೂಗು ಮುರಿದೋಳಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಇಲ್ಲಾಂದ್ರೆ ನಾನು ಸರ್ಕಾರನ ಬೈಯೋಕೆ ಶುರು ಮಾಡಿದ ತಕ್ಷಣ ಜನ ಅಂದ್ಕೋತಾರೆ, ಈ ಜೊಮ್‌ರೇ ಮುದುಕಿಗೆ ಗಂಟು ಬಿಚ್ಚೋಕೆ ಸಂಕಟ ಅಂತ. ಅಲ್ಲಪ್ಪಾ. ವರ್ಷಕ್ಕೆ ಎರಡು ಸಲ, ಹೇಳಿದ ತಾರೀಖಿಗೆ ಮುಂಚೇನೇ ಹೋಗಿ ಕಟ್ಟಿ ಬರ್ತಿದ್ದೆ. ನಮ್ಮ ಓಣೀಲಿ ಹಂಗೆ ಮಾಡ್ತಿದ್ದವಳು ನಾನೊಬ್ಬಳೇ.

ಮುಲ್‌ಗೋಲ್ ಪೇಟೆ ಬೀದಿ ಹಿಂದಿನ ಓಣೀಲಿ ನಂದೊಂದು ಸಣ್ಣ ಊಟದ ಅಂಗಡಿ. ನಾಲ್ಕು ಮೇಜು, ಪಕ್ಕದಲ್ಲಿ ನೆಲದ ಮೇಲೆ ಕೂತು ಉಣ್ಣೋರಿಗೆ ಒಂದು ಬೆಚ್ಚನೆ ಕೋಣೆ. ಹಿಟ್ಟು ಕಲಸಿ, ಲಟ್ಟಿಸಿ, ಮಡಿಚಿ, ಚಾಕುವಿನಲ್ಲಿ ಶಾವಿಗೆ ಕೊಯ್ದು, ಒಣಮೀನಿನ ಸಾರಲ್ಲಿ ಬೇಯಿಸಿ ಕೊಡೋ ಕಲ್‌ಗುಕ್ಸು ಒಂದೇ ನಮ್ಮಲ್ಲಿ. ಜೊತೆಗೆ ಕೋಸಿಗೆ ಉಪ್ಪು ಖಾರ ಹಚ್ಚಿ ಅವತ್ತೇ ಕಲಸಿದ ಕಿಮ್ಚಿ. ಬೇರೆ ಏನಾದ್ರೂ ಬೇಕು ಅಂದ್ರೆ ಎದುರುಗಡೆ ಪಿಲ್‌ಸುನ್ ಅಕ್ಕನ ಅಂಗಡಿಗೆ ಹೋಗಿ, ಹಂದಿ ಕರುಳಲ್ಲಿ ರಕ್ತ ತುಂಬಿ ಬೇಯಿಸಿರ್ತಾಳೆ, ಸೋಜು ಸಾರಾಯಿ ಜೊತೆ ಚೆನ್ನಾಗಿರುತ್ತೆ.

ಈ ಪಿಲ್‌ಸುನ್ ಅಕ್ಕ ಇದಾಳಲ್ಲ, ಅವಳ ಬಾಯಿ ಅಂದ್ರೆ ಬಾಯಿ. ನಗದು ಕೊಟ್ಟೋರಿಗೆ ಒಂದು ತುಂಡು ಜಾಸ್ತಿ, ಕಾರ್ಡು ತೆಗೆದೋರಿಗೆ ಮುಖ ಸಿಂಡರಿಸೋದು, ಕಾರ್ಡಾದ್ರೆ ತೆರಿಗೆ ಲೆಕ್ಕಕ್ಕೆ ಸೇರುತ್ತೆ ಅಂತ. ಚಳಿಗಾಲದ ಕಿಮ್ಚಿ ಹಾಕೋ ದಿನ ಓಣಿ ಹೆಂಗಸರೆಲ್ಲಾ ಸೇರಿ ಕೋಸಿನ ರಾಶಿ ಮುಂದೆ ಕೂತಾಗ ನನ್ನ ಅವಳ ಜಗಳ ತಪ್ಪಿದ್ದೇ ಇಲ್ಲ.

"ಲೇ ಜೊಮ್‌ರೇ, ನೀನು ಕಾರ್ಡು ಉಜ್ಜಿದಷ್ಟೂ ತಾಲೂಕು ಕಚೇರಿ ಸಾಹೇಬರ ಹೊಟ್ಟೆ ಮುಂದಕ್ಕೆ ಬರುತ್ತೆ ಕಣೇ."

"ನಿನ್ನ ಹೊಟ್ಟೆ ಏನು ಒಳಗಿದೆಯಾ ಅಕ್ಕ? ಓಣಿಗೆ ದೀಪ ಬಂತಲ್ಲ, ಅದು ಯಾರ ದುಡ್ಡು? ಕಂಬ ಬೇರೆಯವ್ರದ್ದಿರಬಹುದು, ಬಲ್ಬು ನಂದು."

"ಆ ನಿನ್ನ ಬಲ್ಬು ಸುಟ್ಟು ಹೋದಾಗ ತಿಂಗಳುಗಟ್ಟಲೆ ಯಾವನೂ ತಿರುಗಿ ನೋಡ್ಲಿಲ್ಲವಲ್ಲೇ. ಆಗ ಎಲ್ಲಿತ್ತು ನಿನ್ನ ಸರ್ಕಾರ? ಕತ್ತಲಲ್ಲಿ ಹುಡುಕ್ತಾ ಇತ್ತಾ?"

ಎಲ್ಲರೂ ನಗೋರು, ನಾನೂ ನಗ್ತಿದ್ದೆ. ಆದರೆ ಒಳಗೊಳಗೆ ನನಗೆ ನಂಬಿಕೆ ಇತ್ತು. ಕೊಟ್ಟಿದ್ದು ಎಲ್ಲೂ ಹೋಗಲ್ಲ, ಸುತ್ತಿ ಬಳಸಿ ನಮ್ಮ ಹತ್ರಾನೇ ಬರುತ್ತೆ ಅಂತ. ಆ ನಂಬಿಕೆಗೆ ಒಂದು ಮುಖಾನೂ ಇತ್ತು. ಗಿಸೊಪ್‌ನ ಮುಖ.

ಗಿಸೊಪ್ ನಮ್ಮ ಓಣಿಯವನಲ್ಲ. ಯಾವುದೋ ದ್ವೀಪದ ಕಡೆಯಿಂದ ಬಂದು, ಅಕ್ಕಿ ಗಿರಣಿ ಮೇಲಿನ ಗೂಡಿನಂಥಾ ಕೋಣೇಲಿ ಇದ್ಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದ್ತಿದ್ದ. ಮಧ್ಯಾಹ್ನದ ಗದ್ದಲ ಎಲ್ಲಾ ಮುಗಿದ ಮೇಲೆ ಬರೋನು, ಮೂಲೇಲಿ ಕೂರೋನು, ತಲೆ ಎತ್ತದೆ ಉಣ್ಣೋನು. ಬಟ್ಟಲಲ್ಲಿ ಸಾರಿನ ಹನಿ ಉಳಿಸ್ತಿರಲಿಲ್ಲ. ಅದನ್ನ ನೋಡಿದ ಮೇಲೆ ಹೆಂಗಸಿಗೆ ಸುಮ್ಮನಿರೋಕೆ ಆಗುತ್ತಾ ಹೇಳಿ? ಅವನ ಬಟ್ಟಲಿಗೆ ಎರಡು ಕಡುಬು ಹಾಕೋಕೆ ಶುರು ಮಾಡ್ದೆ. ಕಡುಬು ನಮ್ಮಲ್ಲಿ ಮಾರಾಟಕ್ಕಿಲ್ಲ, ಮನೆಗೆ ಅಂತ ಮಾಡ್ಕೊಳ್ಳೋದು.

"ಚಿಕ್ಕಮ್ಮ, ನಾನು ಇದನ್ನ ಕೇಳಿಲ್ಲವಲ್ಲ," ಅಂದ ಮೊದಲ ದಿನ.

"ಕೇಳಿದ್ರೆ ಕೊಡ್ತಿರಲಿಲ್ಲ. ಬಾಯಿ ಮುಚ್ಕೊಂಡು ತಿನ್ನು."

ಚಿಕ್ಕಮ್ಮ ಅಂತ ನಮ್ಮಲ್ಲಿ ಊಟದ ಅಂಗಡಿ ಹೆಂಗಸರನ್ನ ಎಲ್ಲರೂ ಕರೀತಾರೆ. ದಾರೀಲಿ ಹೋಗೋ ಲಾರಿ ಡ್ರೈವರೂ ಕರೀತಾನೆ. ಆದರೆ ಇವನ ಬಾಯಲ್ಲಿ ಅದು ಬೇರೆ ಥರ ಕೇಳಿಸ್ತಿತ್ತು. ಪರೀಕ್ಷೆ ಹಿಂದಿನ ದಿನ ಅವನಿಗೆ ಅಂಟು ಮಿಠಾಯಿ ಕೊಡ್ತಿದ್ದೆ, ಓದಿದ್ದು ತಲೇಲಿ ಅಂಟಲಿ ಅಂತ. ಆ ವಾರ ಪೂರ್ತಿ ಕಡಲಪಾಚಿ ಸಾರು ನಮ್ಮ ಅಡುಗೆಮನೆಗೆ ಕಾಲಿಡ್ತಿರಲಿಲ್ಲ, ಅದು ಲೋಳೆ ಲೋಳೆ, ಪರೀಕ್ಷೇಲಿ ಜಾರಿ ಬಿದ್ದಾನು ಅಂತ. ಅಷ್ಟು ಮಾಡಿದ್ರೂ ಫೇಲಾಗೋನು. ಮತ್ತೆ ಓದೋನು. ಕೊನೆಗೊಂದು ವಸಂತದಲ್ಲಿ ಬಾಗಿಲಲ್ಲಿ ನಿಂತು ನನ್ನನ್ನ ನೋಡಿ ಗೊಳೋ ಅಂತ ಅತ್ತ. ನಾನು ಮತ್ತೆ ಹೋಯ್ತು ಅಂದ್ಕೊಂಡೆ. ಪಾಸಾಗಿದ್ದ. ಅವತ್ತು ಪಿಲ್‌ಸುನ್ ಅಕ್ಕಾನೂ ದುಡ್ಡು ತಗೊಳ್ಳದೆ ಒಂದು ತಟ್ಟೆ ಕೊಟ್ಲು ಅಂದ್ರೆ ನೀವೇ ಲೆಕ್ಕ ಹಾಕಿ.

ನಮ್ಮ ತಾಲೂಕು ಕಚೇರೀಲೇ ಅವನಿಗೆ ಕೆಲಸ ಆಯ್ತು. ಒಂದು ದಿನ ಕಚೇರಿ ಜರ್ಕಿನ್ ಹಾಕ್ಕೊಂಡು ಏಣಿ ಸಮೇತ ಬಂದ, ಕಂಕುಳಲ್ಲಿ ಒಂದು ನೀಲಿ ಫಲಕ. "ಊರಿನ ಒಳ್ಳೇ ಬೆಲೆಯ ಅಂಗಡಿ" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಬೇರೆಯವರಿಗಿಂತ ಅಗ್ಗಕ್ಕೆ ಚೆನ್ನಾಗಿ ಊಟ ಹಾಕೋರಿಗೆ ಸರ್ಕಾರ ಕೊಡೋದಂತೆ. ಬಾಗಿಲ ಪಕ್ಕ ತಾನೇ ತಿರುಪು ಹಾಕಿ ಬಿಗಿದ. ಜೊತೆಗೆ ತಾಲೂಕಿನ ಹೆಸರಿರೋ ಏಪ್ರನ್ ಒಂದು, ನಾವು ದುಡ್ಡು ಕೊಟ್ಟು ಕೊಳ್ಳಬೇಕಾದ ಸರ್ಕಾರಿ ಕಸದ ಚೀಲದ ಕಟ್ಟು ಒಂದು. ಆಮೇಲೆ ಒಂಟಿಯಾಗಿರೋ ಮುದುಕರಿಗೆ ತಾಲೂಕಿಂದ ಊಟದ ಚೀಟಿ ಕೊಡ್ತಾರಲ್ಲ, ಅದು ಈ ಫಲಕ ಇರೋ ಅಂಗಡೀಲಿ ಮಾತ್ರ ನಡೆಯೋದು.

"ಒಂದೇ ಮಾತು ಚಿಕ್ಕಮ್ಮ. ಬೆಲೆ ಏರಿಸಬಾರದು. ಏರಿಸಿದ್ರೆ ಇದು ಹೋಗುತ್ತೆ."

"ಏರಿಸ್ತೀನಿ ಅಂತ ಯಾರು ಹೇಳಿದ್ರು ನಿಂಗೆ? ಇಳಿ ಕೆಳಗೆ, ಬಿದ್ದೀಯಾ."

ಅವತ್ತು ಕಡುಬು ಹಾಕಿದ್ರೆ ತಿನ್ನಲಿಲ್ಲ. ಚಮಚದಲ್ಲಿ ಪಕ್ಕಕ್ಕೆ ಎತ್ತಿಟ್ಟ. "ನೌಕರರು ಪುಕ್ಕಟೆ ತಿನ್ನಬಾರದು ಚಿಕ್ಕಮ್ಮ. ಕಾನೂನು." ನನಗೆ ಬೇಜಾರಾಯ್ತಾ? ಊಹೂಂ. ಎದೆ ಉಬ್ಬಿ ಹೋಯ್ತು. ಓಣಿಯೆಲ್ಲಾ ತಿರುಗಿ ಹೇಳ್ಕೊಂಡು ಬಂದೆ, ನೋಡಿ ನಮ್ಮ ಹುಡುಗ ಎಂಥಾ ಪ್ರಾಮಾಣಿಕ, ಚಿಕ್ಕಮ್ಮನ ಕೈ ಕಡುಬನ್ನೂ ಮುಟ್ಟಲ್ಲ ಅಂತ. ಎಂಥಾ ಪೆದ್ದಿ ನಾನು!

ಆಮೇಲೆ ಹಿಟ್ಟಿನ ಬೆಲೆ ಏರ್ತು, ಗ್ಯಾಸ್ ಏರ್ತು, ಕೋಸು ಒಂದು ವರ್ಷ ಮುಟ್ಟೋಕೆ ಆಗ್ದಂಗೆ ಏರ್ತು. ನಾನು ಏರಿಸಲಿಲ್ಲ. ಕೈಸಹಾಯಕ್ಕೆ ಬರ್ತಿದ್ದ ಹೆಂಗಸನ್ನ ಬಿಡಿಸಿ ಒಬ್ಬಳೇ ಲಟ್ಟಿಸ್ದೆ. ಭುಜ ಹಿಡ್ಕೊಳ್ಳೋದು, ನೋವಿನ ಪಟ್ಟಿ ಅಂಟಿಸ್ಕೊಂಡು ಮತ್ತೆ ಲಟ್ಟಣಿಗೆ ಹಿಡಿಯೋದು. ಚೀಟಿ ಹಿಡ್ಕೊಂಡು ಬರೋ ಮುದುಕರೇ ನನಗೆ ಆಧಾರ ಆಗಿಬಿಟ್ಟಿದ್ರು. ಮಿಕ್ಕ ಗಿರಾಕಿ ಹೆದ್ದಾರಿ ಕಡೆ ಹೋಗಿ ಎಷ್ಟೋ ಕಾಲ ಆಗಿತ್ತು. ಫಲಕ ಇದ್ರೆ ಚೀಟಿ, ಚೀಟಿ ಇದ್ರೆ ಅಂಗಡಿ. ಫಲಕ ಹೋದ್ರೆ ಬಾಗಿಲು ಮುಚ್ಚೋದೇ. ಇದು ನನಗೂ ಗೊತ್ತಿತ್ತು, ಗಿಸೊಪ್‌ಗೂ ಚೆನ್ನಾಗಿ ಗೊತ್ತಿತ್ತು.

ಹಿಂಗಿರೋವಾಗ ತಾಲೂಕು ಅಧ್ಯಕ್ಷರಿಗೆ ಒಂದು ಹುಚ್ಚು ಹತ್ಕೊಂಡ್ತು. ಮುಲ್‌ಗೋಲ್ ಅಂದ್ರೆ ಕಲ್‌ಗುಕ್ಸು ಅಂತ ದೇಶಕ್ಕೆಲ್ಲಾ ಗೊತ್ತಾಗಬೇಕಂತೆ. ಅದಕ್ಕೆ ಹೊಳೆ ದಂಡೇಲಿ ಶಾವಿಗೆ ಭವನ ಅಂತ ಕಟ್ಟೋದಂತೆ. ಅದರ ಮುಂದೆ ಮನೆಯಷ್ಟು ದೊಡ್ಡ ಉಕ್ಕಿನ ಬಟ್ಟಲು, ಅದರೊಳಗಿಂದ ಗಂಟೆಗೊಂದು ಸಲ ಹಬೆ ಏಳುತ್ತಂತೆ. ಸುದ್ದಿ ಬಂದ ದಿನಾನೇ ಪಿಲ್‌ಸುನ್ ಅಕ್ಕ ತಲೆಗೆ ಹೋರಾಟದ ಕೆಂಪು ಬಟ್ಟೆ ಕಟ್ಕೊಂಡ್ಲು. ಓಣಿ ಬಾಯಲ್ಲಿ ಹಳದಿ ಬಟ್ಟೆ ಕಟ್ಟಿದ್ರು: "ಬಟ್ಟಲು ಬೇಡ, ಬದುಕೋಕೆ ಬಿಡಿ!"

"ಯಾರಪ್ಪನ ಮನೆ ದುಡ್ಡು ಅಂತ ಹಬೆ ಬಿಡ್ತಾನೆ ಅವನು?" ಅಂತ ಓಣಿ ನಡುವೆ ನಿಂತು ಕೂಗಿದ್ಲು. "ನಾವು ಬೆವರು ಸುರಿಸಿ ಕಟ್ಟಿದ್ದು, ಅಲ್ಲಿ ಹೊಳೇಲಿ ಹಬೆ ಆಗಿ ಹೋಗುತ್ತೆ. ನೋಡ್ತಿರಿ, ಆ ಭವನ ಎದ್ದ ದಿನ ಈ ಓಣಿ ಮಲಗಿತು ಅಂತ ತಿಳ್ಕೊಳ್ಳಿ."

ಅವತ್ತು ಸಂಜೆ ಗಿಸೊಪ್ ಬಂದ. ಜರ್ಕಿನ್ ಇರಲಿಲ್ಲ, ಓದೋ ಕಾಲದ ಹಳೇ ಸ್ವೆಟರ್ ಹಾಕ್ಕೊಂಡಿದ್ದ. ಮೂಲೆ ಜಾಗದಲ್ಲಿ ಕೂತ. ಭವನದ ಕೆಲಸ ಅವನ ಮೇಲೇ ಬಿದ್ದಿದೆಯಂತೆ. ಜನರ ಸಭೇಲಿ ಗಲಾಟೆ ಆಗಿ ಕೆಲಸ ನಿಂತು ಹೋದ್ರೆ ಅವನ ತಲೆ ಮೇಲೆ ಬರುತ್ತಂತೆ.

"ಕೆಳಗಿನ ಅಂತಸ್ತಲ್ಲಿ ಊಟದ ಅಂಗಡಿಗಳು ಬರ್ತಾವೆ ಚಿಕ್ಕಮ್ಮ. ಅದು ಈ ಓಣಿಯವರಿಗೇ. ಬಾಡಿಗೆ ಇಲ್ಲ, ಗ್ಯಾಸ್ ತಾಲೂಕಿಂದೇ. ಈ ಭುಜ ಇಟ್ಕೊಂಡು ಇನ್ನೆಷ್ಟು ದಿನ ಲಟ್ಟಿಸ್ತೀರಾ? ಅಲ್ಲಿ ಹಿಟ್ಟು ನಾದೋಕೆ ಯಂತ್ರ ಇರುತ್ತೆ."

"ನಿಜವಾಗ್ಲೂ ಓಣಿಯವರಿಗೇ?"

"ನಾನಿದೀನಲ್ಲ ಚಿಕ್ಕಮ್ಮ."

ನಾನಿದೀನಲ್ಲ ಅಂದ. ಆ ಒಂದು ಮಾತಿಗೆ ನಾನು ಕರಗಿ ನೀರಾದೆ. ಆಮೇಲೆ ಮೆಲ್ಲಗೆ ಇನ್ನೊಂದು ಕೇಳ್ದ. ಊರಿನ ಹಳೇ ಅಡುಗೆನೆಲ್ಲಾ ದಾಖಲೆ ಮಾಡಿ ಇಡ್ತಾರಂತೆ, ನನ್ನ ಸಾರು ಹೆಂಗೆ ಮಾಡೋದು ತೋರಿಸ್ತೀರಾ ಅಂತ. ಆ ಸಾರು ನನ್ನ ಅತ್ತೆದು. ಮದುವೆಯಾಗಿ ಬಂದು ಮಗು ಎತ್ತಿ ಆಡಿಸಿದ ಮೇಲೂ ಆ ಹೆಂಗಸು ನನ್ನನ್ನ ಒಲೆ ಹತ್ರ ಬಿಟ್ಟಿರಲಿಲ್ಲ. ಸಾಯೋ ಹಾಸಿಗೇಲಿ ಮಲಗಿದಾಗ ಹತ್ರ ಕರೆದು ಕಿವೀಲಿ ಹೇಳಿದ್ಲು, ಒಣ ಸಿಗಡಿ ಹುರಿದು, ಒಲೆ ಆರಿಸಿದ ಮೇಲೆ ಒಂದು ಹಿಡಿ ಹಾಕಿ ಮುಚ್ಚಿಡು, ಕುದಿಸಬೇಡ ಅಂತ. ಪಿಲ್‌ಸುನ್ ಅಕ್ಕನಿಗೂ ನಾನದನ್ನ ಹೇಳಿಲ್ಲ. ಗಿಸೊಪ್‌ಗೆ ಹೇಳ್ದೆ. ಫೋನು ಹಿಡ್ಕೊಂಡು ವಿಡಿಯೋ ತೆಗೆದ, ನಾನು ಕೂದಲು ಸರಿ ಮಾಡ್ಕೊಂಡು ನಗ್ತಾ ನಿಂತಿದ್ದೆ.

ಸಭೆ ದಿನ ನಾನೇ ಎದ್ದು ನಿಂತೆ. "ಇಷ್ಟು ವರ್ಷ ಕಟ್ಟಿದ ತೆರಿಗೆ ಈಗ ನಮ್ಮ ಓಣಿಗೇ ವಾಪಸ್ ಬರ್ತಿದೆ, ಬರೋ ದುಡ್ಡಿಗೆ ಅಡ್ಡ ಮಲಗಬೇಡಿ," ಅಂತ ದೊಡ್ಡ ಗಂಟಲಲ್ಲಿ ಹೇಳ್ದೆ. ಎಲ್ಲರಿಗಿಂತ ಸರಿಯಾಗಿ ತೆರಿಗೆ ಕಟ್ಟೋಳು ನಾನು, ನನ್ನ ಮಾತಿಗೆ ಒಂದು ತೂಕ ಇತ್ತು. ಓಣಿಯವರು ಒಬ್ಬೊಬ್ಬರೇ ತಣ್ಣಗಾದ್ರು. ಹಳದಿ ಬಟ್ಟೆನ ನಾನೇ ಬಿಚ್ಚಿ, ಒಗೆದು, ಮಡಿಚಿ ಇಟ್ಟೆ. ಪಿಲ್‌ಸುನ್ ಅಕ್ಕ ಒಬ್ಬಳು ಮಾತ್ರ ತಲೆ ಮೇಲಿನ ಕೆಂಪು ಬಟ್ಟೆ ತೆಗೀಲಿಲ್ಲ.

"ನಿನ್ನ ಮೂಗಿಗೆ ತುಪ್ಪ ಸವರಿದಾನೆ ಕಣೇ ಆ ಹುಡುಗ," ಅಂದ್ಲು.

"ಹೊಟ್ಟೆಕಿಚ್ಚು ಬೇಡ ಅಕ್ಕ," ಅಂದೆ. ಹಂಗಂದ್ಬಿಟ್ಟೆ!

ಭವನ ಎದ್ದಿತು. ಬಟ್ಟಲೂ ಎದ್ದಿತು, ಹಬೇನೂ ಎದ್ದಿತು. ಕೆಳಗಿನ ಅಂತಸ್ತು ಪೂರ್ತಿ ರಾಜಧಾನಿ ಸೋಲ್‌ನ ಯಾವುದೋ ಕಂಪನಿಗೆ ಹೋಯ್ತು. ಓಣಿಯವರಿಗೆ ಒಂದು ಮೊಳ ಜಾಗಾನೂ ಇಲ್ಲ. ಗಿಸೊಪ್‌ಗೆ ಫೋನು ಮಾಡಿದ್ರೆ ಮೀಟಿಂಗಲ್ಲಿದೀನಿ ಚಿಕ್ಕಮ್ಮ ಅಂತ ಮೆಸೇಜು ಬರೋದು. ಅಷ್ಟೊತ್ತಿಗೆ ಅವನಿಗೆ ಬಡ್ತಿ ಬೇರೆ ಆಗಿತ್ತು.

ನಾನೂ ಒಂದು ದಿನ ಹೋದೆ, ಸುಳ್ಳು ಯಾಕೆ ಹೇಳ್ಲಿ. ನೋಡೋಣ ಅಂತ ಹೋದೆ. ಒಳಗೆ ಗೋಡೆ ಮೇಲೆ "ಓಣಿಯ ಅಜ್ಜಿ ಕೈರುಚಿ" ಅಂತ ಬರೆದಿದ್ರು. ಯಾವ ಅಜ್ಜಿ ಅಂತ ಹೆಸರಿಲ್ಲ. ಬೆಲೆ ನೋಡಿದೆ, ನನ್ನದಕ್ಕಿಂತ ಕಮ್ಮಿ. ಇರದೆ ಏನು? ಬಾಡಿಗೆ ಇಲ್ಲ, ಗ್ಯಾಸಿನ ಬಿಲ್ಲು ತಾಲೂಕು ಕಟ್ಟುತ್ತೆ. ತಾಲೂಕಿನ ಹತ್ರ ದುಡ್ಡು ಎಲ್ಲಿಂದ ಬಂತು? ನನ್ನಂಥೋರು ಕಟ್ಟಿದ್ದು. ಒಂದು ಬಟ್ಟಲು ತಗೊಂಡು ಕೂತೆ, ಒಂದು ಗುಟುಕು ಕುಡಿದೆ. ಅಯ್ಯೋ ದೇವರೇ! ಹುರಿದ ಸಿಗಡಿ. ಒಲೆ ಆರಿಸಿದ ಮೇಲೆ ಹಾಕಿದ ಸಿಗಡಿ. ನನ್ನ ಅತ್ತೆ ಸಾಯೋವಾಗ ಹೇಳಿದ ಮಾತು ಆ ಪ್ಲಾಸ್ಟಿಕ್ ಬಟ್ಟಲಲ್ಲಿ ತೇಲ್ತಾ ಇತ್ತು. ನಾನು ತೆರಿಗೆ ಕಟ್ಟಿ, ನನ್ನ ಸಾರನ್ನೇ ನನಗಿಂತ ಅಗ್ಗಕ್ಕೆ ಮಾರಿಸ್ತಾ ಇದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ. ಪಕ್ಕದ ಮೇಜಿನ ಹುಡುಗಿ ಖಾರ ಜಾಸ್ತಿ ಆಯ್ತಾ ಅಂತ ನೀರು ತಂದುಕೊಟ್ಲು.

ಓಣಿ ನನ್ನ ಜೊತೆ ಮಾತು ಬಿಡ್ತು. ಯಾರೂ ಜಗಳಕ್ಕೆ ಬರಲಿಲ್ಲ, ಬಂದಿದ್ರೆ ಚೆನ್ನಾಗಿರ್ತಿತ್ತು. ಕೋಳಿ ಅಂಗಡಿ ಮುಚ್ಚಿತು, ಅದರ ಪಕ್ಕದ ಗಂಜಿ ಅಂಗಡೀನೂ ಮುಚ್ಚಿತು. ಕಿಮ್ಚಿ ಹಾಕೋ ದಿನ ನನಗೆ ಯಾರೂ ಹೇಳಿ ಕಳಿಸಲಿಲ್ಲ. ಕಿಟಕೀಲಿ ನಿಂತು ನೋಡ್ದೆ, ನಾನು ಕೂರೋ ಜಾಗದಲ್ಲಿ ಉಪ್ಪಿನ ಮೂಟೆ ಇಟ್ಟಿದ್ರು. ಪಿಲ್‌ಸುನ್ ಅಕ್ಕ ಎದುರುಗಡೇನೇ ಇರ್ತಾಳೆ, ಬೆಳಗ್ಗೆ ನಾನು ಬಾಗಿಲು ತೆಗೆದ್ರೆ ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯೋಳು. ನನಗೆ ಉಳಿದಿದ್ದು ಚೀಟಿಯ ಮುದುಕರು ಒಂದಷ್ಟು ಜನ ಮತ್ತೆ ಬಾಗಿಲ ಪಕ್ಕದ ಆ ನೀಲಿ ಫಲಕ.

ಕಳೆದ ವಾರ ಮಧ್ಯಾಹ್ನದ ಗದ್ದಲ ಮುಗಿದಿತ್ತು. ಗದ್ದಲ ಅಂತ ಬಾಯಿ ಮಾತಿಗೆ ಅಂದೆ ಅಷ್ಟೇ. ಕಿಟಕೀಲಿ ನೋಡ್ತೀನಿ, ಓಣಿ ತುದೀಲಿ ಗಿಸೊಪ್ ಬರ್ತಿದಾನೆ. ಕೈಯಲ್ಲಿ ಚೀಲ. ಬೈದ್ಬಿಡಬೇಕು, ಮುಖಕ್ಕೆ ಉಗಿದ್ಬಿಡಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ! ಆದರೆ ಈ ಹಾಳು ಕೈ ಇದೆಯಲ್ಲ, ಅದು ನನ್ನ ಮಾತು ಕೇಳುತ್ತಾ? ಸಾರಿನ ಪಾತ್ರೆ ಒಲೆ ಮೇಲಿತ್ತು. ಅದಕ್ಕೆ ಎರಡು ಕಡುಬು ಬಿಟ್ಟು ಮುಚ್ಚಿಬಿಟ್ಟೆ. ಕ್ಷಮೆ ಕೇಳೋಕೆ ಬರ್ತಿದಾನೆ, ಪಾಪ, ಹಸಿದಿರ್ತಾನೆ ಅಂತ.

ಅವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ದ. ಚೀಲದಿಂದ ತಿರುಪುಳಿ ತೆಗೆದ.

"ಚಿಕ್ಕಮ್ಮ, ಒಂದು ಸ್ಟೂಲ್ ಕೊಡ್ತೀರಾ?"

"ಸ್ಟೂಲ್ ಯಾಕೋ?"

ನೆಲ ನೋಡ್ತಾ ಹೇಳ್ದ. ಫಲಕದ ಅಂಗಡಿಗಳನ್ನ ಪ್ರತಿ ವರ್ಷ ಪರಿಶೀಲನೆ ಮಾಡ್ತಾರಂತೆ. ಊರಿನ ಸರಾಸರಿ ಬೆಲೆಗಿಂತ ಕಮ್ಮಿ ಇರಬೇಕಂತೆ. ಈ ವರ್ಷ ಭವನದ ಬೆಲೆನೂ ಲೆಕ್ಕಕ್ಕೆ ಸೇರ್ತು. ಸರಾಸರಿ ಕೆಳಗೆ ಇಳೀತು. ನನ್ನದು ಅದಕ್ಕಿಂತ ಮೇಲೆ ಹೋಯ್ತು.

ಮೊದಲು ನನಗೆ ಅರ್ಥಾನೇ ಆಗಲಿಲ್ಲ. "ನಾನು ಬೆಲೆ ಏರಿಸೇ ಇಲ್ವಲ್ಲೋ."

"ನೀವು ಏರಿಸಿಲ್ಲ ಚಿಕ್ಕಮ್ಮ. ಸರಾಸರಿ ಇಳೀತು."

"ಅಂದ್ರೆ ನಾನು ನಿಂತಲ್ಲೇ ನಿಂತು ದುಬಾರಿ ಆಗ್ಬಿಟ್ನಾ?"

ಅವನು ತಿರುಪುಳಿನ ಈ ಕೈಯಿಂದ ಆ ಕೈಗೆ ಬದಲಾಯಿಸ್ದ.

"ಇದು ಹೋದ್ರೆ ಚೀಟಿ ಹೋಗುತ್ತೆ. ಚೀಟಿ ಹೋದ್ರೆ ಈ ಚಳಿಗಾಲ ದಾಟಲ್ಲ ಈ ಅಂಗಡಿ. ಗೊತ್ತಲ್ಲ ನಿಂಗೆ?"

"ಗೊತ್ತು ಚಿಕ್ಕಮ್ಮ. ಬೇರೆಯವರನ್ನ ಕಳಿಸ್ತೀವಿ ಅಂದ್ರು. ನಾನೇ ಹೋಗ್ತೀನಿ ಅಂದೆ. ಅಪರಿಚಿತರು ಬಂದು ಬಿಚ್ಚಿದ್ರೆ ನಿಮಗೆ ನೋವಾಗುತ್ತೆ ಅಂತ."

ನಗು ಬಂತು ನನಗೆ. ನಿಜವಾಗ್ಲೂ ನಕ್ಕೆ. ಸ್ಟೂಲ್ ತಂದು ಕೊಟ್ಟೆ. ಹತ್ತಿ ತಿರುಪು ತಿರುಗಿಸೋಕೆ ನೋಡ್ದ, ಜಂಗು ಹಿಡಿದು ಕಚ್ಕೊಂಡಿತ್ತು. ಅವನು ಬಲ ಹಾಕಿದಷ್ಟೂ ಜಾರೋದು. ಮುಖ ಕೆಂಪಾಗಿ ಬೆವರು ಇಳೀತು.

ಎದುರಿಂದ ಪಿಲ್‌ಸುನ್ ಅಕ್ಕನ ಗಂಟಲು ಬಂತು. ಎಷ್ಟೋ ತಿಂಗಳಾದ ಮೇಲೆ ನಮ್ಮ ಬಾಗಿಲ ಕಡೆ ಬಂದ ಮೊದಲ ಮಾತು. "ಏನು ಸಾಹೇಬ್ರೇ, ಜಂಗು ಹಿಡಿಯೋ ತಿರುಪು ಹಾಕಿದ್ರಾ? ಒಳ್ಳೇದು ಹಾಕಬಹುದಿತ್ತಲ್ಲ, ನಿಮ್ಮಪ್ಪನ ದುಡ್ಡೇನಲ್ಲ, ನಮ್ಮದೇ ತಾನೆ!"

ಓಣಿಯವರು ಬಾಗಿಲಿಗೆ ಬಂದು ನಿಂತ್ರು. ಯಾರೂ ನಗಲಿಲ್ಲ. ಕೊನೆಗೆ ಫಲಕದ ಮೂಲೆ ಮುರಿದು ಕೈಗೆ ಬಂತು. ಸ್ಟೂಲಿಂದ ಇಳಿದು, ಅದನ್ನ ಎದೆಗೆ ಒತ್ಕೊಂಡು, ಇನ್ನೂ ಏನೋ ಹೇಳೋಕೆ ಒದ್ದಾಡ್ದ.

"ಅದು... ಕಸದ ಚೀಲ ಉಳಿದಿದ್ರೆ ವಾಪಸ್... ಏಪ್ರನ್ ಕೂಡ. ಲೆಕ್ಕ ತೋರಿಸಬೇಕು ಚಿಕ್ಕಮ್ಮ."

ಕಸದ ಚೀಲ! ಹೊಳೆ ದಂಡೇಲಿ ಉಕ್ಕಿನ ಬಟ್ಟಲು ನಿಲ್ಲಿಸೋಕೆ ಲೆಕ್ಕ ಇಲ್ಲ, ನನ್ನ ಕಸದ ಚೀಲಕ್ಕೆ ಲೆಕ್ಕ. ಒಳಗೆ ಹೋಗಿ ತಂದೆ. ಏಪ್ರನ್ ಇಸ್ತ್ರಿ ಮಾಡಿ ಪೆಟ್ಟಿಗೇಲಿ ಇಟ್ಟಿದ್ದೆ, ಹಬ್ಬಕ್ಕೆ ಮಾತ್ರ ಉಡ್ತಿದ್ದೆ. ಅದರ ಮೇಲೆ ಚೀಲದ ಕಟ್ಟು ಇಟ್ಟು ಎರಡೂ ಕೈಯಲ್ಲಿ ಕೊಟ್ಟೆ. ಆಮೇಲೆ ಒಂದೇ ಒಂದು ಮಾತು ಕೇಳ್ದೆ.

"ಅವತ್ತು ನೀನು ಹಳೇ ಸ್ವೆಟರ್ ಹಾಕ್ಕೊಂಡು ಬಂದೆಯಲ್ಲ. ಕೆಳಗಿನ ಅಂತಸ್ತು ಓಣಿಯವರಿಗೇ ಅಂದೆಯಲ್ಲ. ಅವತ್ತೇ ನಿಂಗೆ ಗೊತ್ತಿತ್ತಾ, ಸಿಗಲ್ಲ ಅಂತ?"

ಇಲ್ಲ ಅನ್ನಲಿ ದೇವರೇ ಅಂತ ಬೇಡ್ಕೊಂಡೆ. ನನಗೂ ಮೋಸ ಮಾಡಿದ್ರು ಚಿಕ್ಕಮ್ಮ ಅಂತ ಅನ್ನಲಿ, ಸುಳ್ಳೇ ಅನ್ನಲಿ, ನಂಬಿಬಿಡ್ತೀನಿ ಅಂತ. ಅವನ ಕಣ್ಣು ಕೆಂಪಾಯ್ತು.

"ಗೊತ್ತಿತ್ತು," ಅಂದ. "ಯಾವ ಕಂಪನಿಗೆ ಕೊಡೋದು ಅಂತ ಆಗ್ಲೇ ತೀರ್ಮಾನ ಆಗಿತ್ತು. ಸಭೆ ಒಂದು ಸುಸೂತ್ರ ಮುಗಿದ್ರೆ ಸಾಕು ಅಂತ ಮೇಲಿನವರು... ನಿಮ್ಮ ಮಾತನ್ನ ಓಣಿ ಕೇಳುತ್ತೆ ಅಂತ ನಾನೇ ಹೇಳಿದ್ದೆ."

ಭವನ ಹೋಗ್ಲಿ, ಫಲಕ ಹೋಗ್ಲಿ. ತೆರಿಗೆ ದುಡ್ಡು ತಿಂದೋರು ಹಿಂದೇನೂ ಇದ್ರು, ಮುಂದೇನೂ ಇರ್ತಾರೆ. ಆದರೆ ನಾನು ಮಾತಾಡಿದ್ರೆ ಓಣಿ ನಂಬುತ್ತೆ ಅನ್ನೋದನ್ನೂ ಲೆಕ್ಕ ಹಾಕಿ, ಅದನ್ನೂ ತಗೊಂಡು ಹೋಗಿ ಮೇಲಿನವರ ಮೇಜಿನ ಮೇಲೆ ಇಟ್ಟಿದ್ದ ನನ್ನ ಹುಡುಗ. ನನ್ನ ಎದೆ ಒಡೆದದ್ದು ಅಲ್ಲಿ.

ಅವನು ಅಲ್ಲಾಡದೆ ನಿಂತಿದ್ದ. ಒಲೆ ಕಡೆಯಿಂದ ಸಾರಿನ ವಾಸನೆ ಬಂದಿರಬೇಕು. "ಚಿಕ್ಕಮ್ಮ," ಅಂದ, ಓದೋ ಹುಡುಗನ ದನೀಲಿ, "ಬೆಳಗ್ಗೆಯಿಂದ ಏನೂ ತಿಂದಿಲ್ಲ. ಒಂದು ಬಟ್ಟಲು ಹಾಕ್ತೀರಾ? ದುಡ್ಡು ಕೊಡ್ತೀನಿ. ಬೈದಾದ್ರೂ ಹಾಕಿ."

ನನ್ನ ಅಂಗಡಿ ಬಾಗಿಲಿಂದ ಹಸಿದೋರು ಯಾರೂ ಹಂಗೇ ಹೋಗಿರಲಿಲ್ಲ. ಕುಡುಕರಿಗೂ ಹಾಕಿದೀನಿ, ದುಡ್ಡಿಲ್ಲದೋರಿಗೂ ಹಾಕಿದೀನಿ, ಒಂದು ಸಲ ಕಳ್ಳನಿಗೂ ಹಾಕಿದೀನಿ.

"ಅಡುಗೆ ಮುಗೀತು ಸಾಹೇಬ್ರೇ," ಅಂದೆ. "ಒಲೆ ಆರಿಸಿದೀನಿ. ನೀವು ಭವನಕ್ಕೆ ಹೋಗಿ ಊಟ ಮಾಡಿ. ಅಲ್ಲಿ ಅಗ್ಗ."

ನನ್ನ ಬೆನ್ನ ಹಿಂದೆ ಪಾತ್ರೆ ಮುಚ್ಚಳ ಲಟಲಟ ಅಂತಿತ್ತು. ಅವನು ಆ ಕಡೆ ನೋಡ್ದ, ಏಳ್ತಾ ಇದ್ದ ಹಬೆ ನೋಡ್ದ, ನನ್ನ ಮುಖ ನೋಡ್ದ. ಆಮೇಲೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಮುರಿದ ಫಲಕ, ಏಪ್ರನ್, ಕಸದ ಚೀಲ ಎಲ್ಲಾ ತಬ್ಕೊಂಡು ಓಣಿ ಉದ್ದಕ್ಕೂ ನಡ್ಕೊಂಡು ಹೋದ. ತಿರುಪುಳಿ ಸ್ಟೂಲ್ ಮೇಲೇ ಮರೆತು ಹೋಗಿದ್ದ.

ಪಿಲ್‌ಸುನ್ ಅಕ್ಕ ಓಣಿ ದಾಟಿ ಬಂದು ಒಳಗೆ ಕೂತ್ಲು. ನಾನು ಹೇಳಿದ್ದೆ ತಾನೆ ಅಂತ ಅನ್ನುತ್ತಾಳೆ ಅಂತ ಕಾಯ್ತಿದ್ದೆ. ಅನ್ನಲಿಲ್ಲ. ಟೇಬಲ್ ಒರೆಸೋ ಬಟ್ಟೆ ತಗೊಂಡು, ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸಿದ್ಲು.

"ಚಳಿಗಾಲ ಮುಗಿಯೋ ಹೊತ್ತಿಗೆ ಮುಚ್ತೀನಿ ಅಕ್ಕ," ಅಂದೆ. "ಜನವರೀಲಿ ಕೊನೇ ತೆರಿಗೆ ಕಟ್ಟಿ ಮುಚ್ತೀನಿ."

"ಮುಚ್ಚೋ ಅಂಗಡಿಗೆ ತೆರಿಗೆ ಯಾಕೆ ಕಟ್ತೀಯೇ, ಹುಚ್ಚಿ?"

"ಕಟ್ತೀನಿ. ಈ ಸಲ ಕಟ್ಟೋ ಕಿಟಕಿ ಮುಂದೆ ನಿಂತು ಬಾಯಿ ತುಂಬಾ ಬೈದು ಕಟ್ತೀನಿ. ನೀನೂ ಬಾ, ನಿನ್ನಷ್ಟು ಚೆನ್ನಾಗಿ ಬೈಯೋಕೆ ನನಗೆ ಬರಲ್ಲ."

ಅವಳು ಮೂಗೊರೆಸ್ಕೊಂಡು ಹೂಂ ಅಂದ್ಲು. ನಾನೆದ್ದು ಒಲೆ ಹತ್ರ ಹೋಗಿ ಮುಚ್ಚಳ ತೆಗೆದೆ. ಎರಡೂ ಕಡುಬು ಜಾಸ್ತಿ ಬೆಂದು ಒಡೆದು, ಒಳಗಿನ ಹೂರಣ ಎಲ್ಲಾ ಹೊರಗೆ ಬಂದು, ಸಾರು ಪೂರ್ತಿ ಕದಡಿ ಹೋಗಿತ್ತು. ಅದನ್ನ ಇನ್ನು ಯಾರಿಗೂ ಬಡಿಸೋ ಹಾಗಿರಲಿಲ್ಲ. ಆಮೇಲೆ ಒಲೆ ಆರಿಸಿದೆ.